ರೊಟ್ಟಿ, ಬ್ಯಾಳಿ, ಬಿಸಿಲು: ಕಲಬುರಗಿ ಕಡೆಯವರಿಗೆ ಮಧ್ಯಂತರ ಉಪವಾಸದ ಸಮಗ್ರ ಮಾರ್ಗದರ್ಶಿ

ರಾತ್ರಿ ಹತ್ತಕ್ಕೆ ಅಂಗಡಿ ಮುಚ್ಚಿ, ಹತ್ತೂವರೆಗೆ ತಾಟಿನ ಮುಂದೆ ಕೂತು, ಕೈ ತೊಳೆದವರೇ ಹಾಸಿಗೆ ಸೇರುವುದು ನಮ್ಮ ಪೇಟೆಗಳಲ್ಲಿ ಹೊಸದೇನಲ್ಲ. ಬೆಳಿಗ್ಗೆ ಎದ್ದರೆ ಹೊಟ್ಟೆ ಭಾರ, ಹಸಿವಿಲ್ಲ. ಬರೀ ಚಾ ಕುಡಿದು ಮಧ್ಯಾಹ್ನದವರೆಗೆ ತಳ್ಳಿದವರು ‘ನಂದೂ ಹದಿನಾರು ತಾಸಿನ ಉಪವಾಸ ನಡದದ’ ಎನ್ನುತ್ತಾರೆ. ಲೆಕ್ಕ ಹಾಕಿ ನೋಡಿ: ಆ ನಡುವೆ ಸಕ್ಕರೆ ಹಾಕಿದ ಹಾಲಿನ ಚಾ ಮೂರು ಸಲ ಹೊಟ್ಟೆಗಿಳಿದಿರುತ್ತದೆ. ರಾತ್ರಿಯ ಊಟವಂತೂ ದೇಹ ಅದನ್ನು ಅರಗಿಸಲು ತಯಾರಿಲ್ಲದ ಹೊತ್ತಿನಲ್ಲಿ ಬಿದ್ದಿರುತ್ತದೆ. ಆದ್ದರಿಂದ ಇಲ್ಲಿ ಹೇಳುವ ಕ್ರಮ ಬೆಳಗಿನ ನ್ಯಾರಿ ಬಿಡುವುದರಿಂದ ಶುರುವಾಗುವುದಿಲ್ಲ, ರಾತ್ರಿಯ ತಾಟನ್ನು ಬೇಗನೆಯ ಹೊತ್ತಿಗೆ ಎಳೆದುಕೊಳ್ಳುವುದರಿಂದ ಶುರುವಾಗುತ್ತದೆ.

ಮೊದಲು ಲೆಕ್ಕ ತಿಳಿಯಲಿ

ಮಧ್ಯಂತರ ಉಪವಾಸ ಎಂದರೆ ದಿನದ 24 ತಾಸಿನಲ್ಲಿ ತಿನ್ನುವ ಹೊತ್ತನ್ನು ಗಡುವಿನೊಳಗೆ ಇಡುವುದು. 14:10 ಎಂದರೆ 14 ತಾಸು ಉಪವಾಸ, 10 ತಾಸಿನೊಳಗೆ ಊಟ. 16:8 ಎಂದರೆ 16 ತಾಸು ಉಪವಾಸ, 8 ತಾಸಿನೊಳಗೆ ಊಟ. ವಾರಕ್ಕೆ ಎರಡು ದಿನ 500–600 ಕ್ಯಾಲೊರಿಯಲ್ಲಿ ಕಳೆಯುವ 5:2 ಪದ್ಧತಿಯೂ ಇದೆ. ಬಿಸಿಲಿನಲ್ಲಿ ಓಡಾಡುವ ನಮ್ಮ ಕಡೆಯವರಿಗೆ ಅದು ಹೊಂದುವುದು ಕಷ್ಟ, ಹಾಗಾಗಿ ಇಲ್ಲಿ ಬಿಟ್ಟಿದ್ದೇವೆ.

ಉಂಡ ಮೇಲೆ ರಕ್ತದ ಸಕ್ಕರೆ ಇಳಿಸುವ ಹಾರ್ಮೋನು ಇನ್ಸುಲಿನ್ ಏರುತ್ತದೆ. ಬಳಕೆಗೆ ಮಿಕ್ಕ ಸಕ್ಕರೆಯ ಸ್ವಲ್ಪ ಭಾಗ ಗ್ಲೈಕೊಜೆನ್ ಆಗಿ ಯಕೃತ್ತಿನಲ್ಲಿ ಕೂರುತ್ತದೆ. ಅಲ್ಲಿ ಹಿಡಿಯುವುದು ಸುಮಾರು 100 ಗ್ರಾಂ. ತಿನ್ನುವುದು ನಿಂತ ಹತ್ತು–ಹನ್ನೆರಡು ತಾಸಿಗೆ ಈ ದಾಸ್ತಾನು ಗಣನೀಯವಾಗಿ ಇಳಿದು, ದೇಹ ಕೊಬ್ಬಿನತ್ತ ಹೆಚ್ಚು ಕೈ ಚಾಚುತ್ತದೆ. ನಡುವೆ ಒಂದು ಸಿಹಿ ಚಾ ಬಿದ್ದರೆ ಇನ್ಸುಲಿನ್ ಮತ್ತೆ ಮೇಲೇಳುತ್ತದೆ.

ಇನ್ನು ಜನ ಹೇಳುವ ಪವಾಡಗಳ ವಿಚಾರ. 2022ರಲ್ಲಿ ಚೀನಾದ ಗುವಾಂಗ್‌ಝೌನಿಂದ ಪ್ರಕಟವಾದ ಅಧ್ಯಯನದಲ್ಲಿ ಸ್ಥೂಲಕಾಯದ 139 ಜನ ಒಂದು ವರ್ಷ ಕ್ಯಾಲೊರಿ ಕಡಿಮೆ ಮಾಡಿದರು. ಅರ್ಧ ಜನ ಬೆಳಿಗ್ಗೆ 8ರಿಂದ ಸಂಜೆ 4ರೊಳಗೆ ಮಾತ್ರ ಉಂಡರು, ಉಳಿದವರು ಬೇಕಾದಾಗ ಉಂಡರು. ಗಡುವಿನವರು ಸರಾಸರಿ 8 ಕಿಲೊ, ಗಡುವಿಲ್ಲದವರು 6.3 ಕಿಲೊ ಇಳಿದರು. ಈ ವ್ಯತ್ಯಾಸ ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಗಟ್ಟಿಯಾದದ್ದಲ್ಲ. 2020ರ ಅಮೆರಿಕದ ಅಧ್ಯಯನವೊಂದರಲ್ಲಿ ಮಧ್ಯಾಹ್ನ 12ರಿಂದ ರಾತ್ರಿ 8ರವರೆಗೆ ಏನು ಬೇಕಾದರೂ ತಿನ್ನಿ ಎಂದು ಬಿಟ್ಟಾಗ 12 ವಾರದಲ್ಲಿ ಹೇಳಿಕೊಳ್ಳುವಷ್ಟು ಲಾಭ ಕಾಣಲಿಲ್ಲ. ಇನ್ನೊಂದು ಕಡೆ, 2018ರ ಒಂದು ಚಿಕ್ಕ ಪ್ರಯೋಗದಲ್ಲಿ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ ಎಂಟು ಗಂಡಸರು ದಿನದ ಕೊನೆಯ ಊಟವನ್ನು ಮಧ್ಯಾಹ್ನ ಮೂರರೊಳಗೇ ಮುಗಿಸಿದರು. ಅವರಲ್ಲಿ ತೂಕ ಇಳಿಯದೆಯೂ ಇನ್ಸುಲಿನ್ ಕೆಲಸ ಸುಧಾರಿಸಿತು, ಬಿಪಿ ಇಳಿಯಿತು. ಮೂರನ್ನೂ ಒಟ್ಟಿಗಿಟ್ಟು ನೋಡಿದರೆ, ಎಷ್ಟು ತಾಸು ಎನ್ನುವುದಕ್ಕಿಂತ ಯಾವ ಹೊತ್ತಿಗೆ, ಏನು ಎನ್ನುವುದೇ ಮುಖ್ಯ ಎಂದು ಕಾಣುತ್ತದೆ. ಜೀವಕೋಶಗಳು ತಮ್ಮ ಕಸವನ್ನು ತಾವೇ ತಿಂದು ಶುಚಿಯಾಗುತ್ತವೆ, ಅದಕ್ಕೆ ನೊಬೆಲ್ ಸಿಕ್ಕಿದೆ ಎಂಬ ಮಾತೂ ಮೊಬೈಲಿನಲ್ಲಿ ಓಡಾಡುತ್ತಿದೆ. 2016ರಲ್ಲಿ ಆ ಬಹುಮಾನ ಪಡೆದ ಯೋಶಿನೋರಿ ಒಸುಮಿ ಅವರ ಮೂಲ ಕೆಲಸ ನಡೆದದ್ದು ಯೀಸ್ಟ್ ಮೇಲೆ. 16 ತಾಸು ಉಪವಾಸವಿದ್ದರೆ ಮನುಷ್ಯನಿಗೆ ಇಂತಿಷ್ಟು ಲಾಭ ಎಂದು ಅದರಿಂದ ಸಾಬೀತಾಗುವುದಿಲ್ಲ.

ಇವರು ಕೈ ಹಾಕಬಾರದು

ಬಸುರಿ, ಬಾಣಂತಿ, ಹಾಲೂಡಿಸುವ ತಾಯಿ, 18 ತುಂಬದವರು, ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 18.5ಕ್ಕಿಂತ ಕಡಿಮೆ ಇರುವವರು, ಟಿಬಿ ಔಷಧಿಯಲ್ಲಿರುವವರು, ಟೈಪ್ 1 ಮಧುಮೇಹಿಗಳು, ಹಿಂದೆ ಊಟದ ವಿಷಯದಲ್ಲಿ ಮಾನಸಿಕ ಕಾಯಿಲೆ ಅನುಭವಿಸಿದವರು ಇದಕ್ಕೆ ಕೈ ಹಾಕಬಾರದು. ಹೊಲದಲ್ಲಿ ಕಳೆ ಕೀಳುವವರು, ಗಾರೆ ಕೆಲಸದವರು, ಷಹಾಬಾದ್ ಕಲ್ಲಿನ ಗಣಿಗಳಲ್ಲಿ ದುಡಿಯುವವರು ಬೆಳಿಗ್ಗೆ ನ್ಯಾರಿ ಬಿಡುವುದೇ ತಪ್ಪು. ಅವರು ರಾತ್ರಿ ಊಟವನ್ನು ಏಳಕ್ಕೆ ತಂದು 12 ತಾಸಿನ ಬಿಡುವು ಕೊಟ್ಟರೆ ಸಾಕು.

ಮಾತ್ರೆ ತೆಗೆದುಕೊಳ್ಳುವವರು ಈ ಭಾಗವನ್ನು ಎರಡು ಸಲ ಓದಿ. ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು ಊಟ ಮುಂದೆ ಹಾಕಿದರೆ ಸಕ್ಕರೆ ಪಾತಾಳಕ್ಕೆ ಇಳಿಯಬಹುದು. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆಗಳು ಮೂತ್ರದ ಮೂಲಕ ಸಕ್ಕರೆ ಹೊರಹಾಕುತ್ತವೆ, ಜೊತೆಗೆ ನೀರೂ ಹೋಗುತ್ತದೆ. ದೀರ್ಘ ಉಪವಾಸದಲ್ಲಿ ಅವು ರಕ್ತದಲ್ಲಿ ಕೀಟೋನ್ ಆಮ್ಲ ಏರಿಸುವ ಅಪಾಯವೂ ಇದೆ, ಸಕ್ಕರೆ ಪ್ರಮಾಣ ಸಾಮಾನ್ಯವಿದ್ದಾಗಲೂ. ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರಿಗೆ ಎದ್ದು ನಿಂತಾಗ ಕಣ್ಣು ಕತ್ತಲೆ ಬರಬಹುದು. ಇವರೆಲ್ಲ ಡಾಕ್ಟರ ಹತ್ತಿರ ಚೀಟಿ ತೆಗೆದುಕೊಂಡು ಹೋಗಿ, ‘ಊಟದ ಹೊತ್ತು ಹೀಗೆ ಬದಲಿಸುತ್ತೇನೆ, ಮಾತ್ರೆಯ ಹೊತ್ತು ಹೇಗಿರಲಿ’ ಎಂದು ಕೇಳಬೇಕು. ತಾವಾಗಿ ಮಾತ್ರೆ ನಿಲ್ಲಿಸುವುದು ಉಪವಾಸಕ್ಕಿಂತ ದೊಡ್ಡ ಅಪಾಯ. ಥೈರಾಯ್ಡ್ ಮಾತ್ರೆಯವರಿಗೆ ತೊಂದರೆಯಿಲ್ಲ. ಖಾಲಿ ಹೊಟ್ಟೆಗೆ ನೀರಿನ ಜೊತೆ ನುಂಗುವ ಮಾತ್ರೆ ಅದು. ಮೊಣಕಾಲು ನೋವಿನ ಮಾತ್ರೆಯನ್ನು ಮಾತ್ರ ಉಪವಾಸದ ಹೊತ್ತಿನಲ್ಲಿ ನುಂಗಬೇಡಿ, ಹೊಟ್ಟೆಯ ಒಳಪದರ ಸುಡುತ್ತದೆ.

ಶುರು ಮಾಡುವ ಮುಂಚಿನ ವಾರ

ಮೂರು ದಿನ ಒಂದು ಚೀಟಿಯಲ್ಲಿ ಬರೆಯಿರಿ: ಮೊದಲ ತುತ್ತು ಅಥವಾ ಸಿಹಿ ಗುಟುಕು ಎಷ್ಟಕ್ಕೆ, ಕೊನೆಯದು ಎಷ್ಟಕ್ಕೆ. ಚಾ, ಎಲಿ-ಅಡಿಕೆ, ಟಿವಿ ಮುಂದಿನ ಶೇಂಗಾ, ಮಗು ಬಿಟ್ಟ ಬಿಸ್ಕಿಟು, ಎಲ್ಲವೂ ಚೀಟಿಗೆ ಬರಲಿ. ಬೆಳಿಗ್ಗೆ ಆರರಿಂದ ರಾತ್ರಿ ಹತ್ತೂವರೆವರೆಗೆ ಬಾಯಿ ಆಡುತ್ತಲೇ ಇರುವುದು ಕಂಡರೆ ಗಾಬರಿ ಬೇಡ, ಬಹಳ ಮಂದಿಯ ಚೀಟಿ ಹೀಗೇ ಇರುತ್ತದೆ.

ತೂಕ, ಹೊಕ್ಕುಳ ಮಟ್ಟದಲ್ಲಿ ಸೊಂಟದ ಸುತ್ತಳತೆ, ಬಿಪಿ, ಖಾಲಿ ಹೊಟ್ಟೆಯ ಸಕ್ಕರೆ ಬರೆದಿಡಿ. 30 ದಾಟಿದವರಿಗೆ ಬಿಪಿ, ಸಕ್ಕರೆ ತಪಾಸಣೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಉಚಿತ. ಗಂಡಸರ ಸುತ್ತಳತೆ 90 ಸೆಂ.ಮೀ., ಹೆಂಗಸರದು 80 ಸೆಂ.ಮೀ. ದಾಟಿದ್ದರೆ ಹೊಟ್ಟೆಯೊಳಗಿನ ಕೊಬ್ಬು ಹೆಚ್ಚಿದೆ ಎಂದು ತಿಳಿಯಬೇಕು. ಮುಂದೆ ತಕ್ಕಡಿಗಿಂತ ಈ ಟೇಪೇ ನಿಮಗೆ ನಿಜ ಹೇಳುತ್ತದೆ.

ವಾರ ವಾರದ ಕ್ರಮ

ಮೊದಲ ವಾರ, 12:12. ರಾತ್ರಿ ಊಟ 8ಕ್ಕೆ ಮುಗಿಯಲಿ, ಬೆಳಗಿನ ನಾಷ್ಟಾ 8ಕ್ಕೆ. ನಡುವೆ ನೀರು ಬಿಟ್ಟು ಏನೂ ಇಲ್ಲ. ಅಂಗಡಿಯವರಿಗೆ ಎಂಟಕ್ಕೆ ಮನೆ ಸೇರುವುದು ಆಗದ ಮಾತು. ಅವರು ಬುತ್ತಿ ಕಟ್ಟಿಕೊಂಡು ಬಂದು ಗಲ್ಲೆಯ ಹಿಂದೆಯೇ ಏಳೂವರೆಗೆ ಉಣ್ಣುವುದು ಒಳ್ಳೆಯದು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರು, ಒಂದು ಉಳ್ಳಾಗಡ್ಡಿ ಇದ್ದರೆ ಬಿಸಿ ಮಾಡುವ ರಗಳೆಯೂ ಇಲ್ಲ. ಮನೆಗೆ ಬಂದ ಮೇಲೆ ಒಂದು ಲೋಟ ನೀರು ಕುಡಿದು ಮಲಗುವುದು. ಮೊದಲ ನಾಲ್ಕು ದಿನ ಮನೆಯವರು ‘ಉಂಡಿಲ್ಲೇನು’ ಎಂದು ಕೇಳುತ್ತಾರೆ, ಆಮೇಲೆ ಕೇಳುವುದಿಲ್ಲ.

ಎರಡನೇ ವಾರ ಚಾಕ್ಕೆ ಮೀಸಲು. ಎರಡು ಚಮಚ ಸಕ್ಕರೆ, ಅರ್ಧ ಕಪ್ಪಿಗೆ ತುಸು ಕಡಿಮೆ ಹಾಲು ಹಾಕಿದ ಒಂದು ಕಪ್ ಚಾ ಸುಮಾರು 70 ಕ್ಯಾಲೊರಿ. ದಿನಕ್ಕೆ ಆರು ಕುಡಿದರೆ ಎರಡು ರೊಟ್ಟಿಯ ಲೆಕ್ಕ. ಒಮ್ಮೆಗೇ ಬಿಟ್ಟರೆ ಎರಡು ದಿನ ತಲೆ ಸಿಡಿಯುತ್ತದೆ, ಅದು ಹಸಿವಿನ ನೋವಲ್ಲ, ಕೆಫೀನ್ ತಪ್ಪಿದ್ದಕ್ಕೆ. ಮೂರು ದಿನಕ್ಕೊಂದು ಕಪ್ ಇಳಿಸಿ, ಉಳಿದವುಗಳಲ್ಲಿ ಸಕ್ಕರೆ ಅರ್ಧಕ್ಕೆ ತನ್ನಿ, ಬೆಳಗಿನ ಮೊದಲ ಕಪ್ಪನ್ನು ಹಾಲು-ಸಕ್ಕರೆ ಇಲ್ಲದ ಕರೇ ಚಾ ಮಾಡಿ. ಶುಂಠಿ ಅಥವಾ ಪುದೀನಾ ಎರಡು ಎಲೆ ಹಾಕಿದರೆ ಒಗ್ಗುವುದು ಬೇಗ. ಈ ವಾರ ಊಟದ ಗಡುವು ಬದಲಿಸಬೇಡಿ. ಚಾ ಮತ್ತು ಊಟ ಎರಡನ್ನೂ ಒಟ್ಟಿಗೆ ಬಿಗಿ ಮಾಡಿದವರು ಎಂಟು ದಿನದಲ್ಲಿ ಎರಡನ್ನೂ ಬಿಡುತ್ತಾರೆ.

ಮೂರನೇ ಮತ್ತು ನಾಲ್ಕನೇ ವಾರ, 14:10. ರಾತ್ರಿ ಊಟ 7ಕ್ಕೆ, ಮೊದಲ ಊಟ 9ಕ್ಕೆ. ಬಹಳ ಜನರಿಗೆ ಇದೇ ಕೊನೆಯ ಮೆಟ್ಟಿಲಾಗಬಹುದು, ಆಗಲಿ. ಸೂರ್ಯ ಮುಳುಗುವ ಮುಂಚೆ ಊಟ ಮುಗಿಸುವುದನ್ನು ಜೈನರು ಶತಮಾನಗಳಿಂದ ಪಾಲಿಸಿಕೊಂಡು ಬಂದಿದ್ದಾರೆ. ಜೈನ ಧರ್ಮಕ್ಕೆ ಆಸರೆಯಾಗಿದ್ದ ರಾಷ್ಟ್ರಕೂಟರ ಮಳಖೇಡ ಇರುವ ನಾಡಿಗೆ ಇದು ಹೊರಗಿನಿಂದ ಬಂದ ಫ್ಯಾಶನ್ ಏನಲ್ಲ.

ಐದನೇ ವಾರದಿಂದ, ಹೊಂದಿದರೆ ಮಾತ್ರ, 16:8. ವಾರಕ್ಕೆ ಐದು ದಿನ ಸಾಕು. ನಿವೃತ್ತರು, ಮನೆಯಲ್ಲಿರುವವರು ಬೆಳಿಗ್ಗೆ 10ರಿಂದ ಸಂಜೆ 6ರವರೆಗೆ, ಕಚೇರಿಗೆ ಹೋಗುವವರು 11ರಿಂದ 7ರವರೆಗೆ ಇಟ್ಟುಕೊಳ್ಳಬಹುದು. ಮಧ್ಯಾಹ್ನ 2ರಿಂದ ರಾತ್ರಿ 10ರವರೆಗೆ ಎಂಬ ಲೆಕ್ಕ ಕಾಗದದ ಮೇಲೆ 16:8 ಹೌದು. ಆದರೆ ಸಂಜೆ ಕಳೆದಂತೆ ದೇಹ ಸಕ್ಕರೆಯನ್ನು ಸಂಭಾಳಿಸುವ ಶಕ್ತಿ ಇಳಿಯುವುದರಿಂದ, ಲಾಭದ ದೊಡ್ಡ ಪಾಲು ಅಲ್ಲೇ ಸೋರಿಹೋಗುತ್ತದೆ. ಹೆಂಗಸರಲ್ಲಿ ಮುಟ್ಟು ಏರುಪೇರಾದರೆ, ಮುಂದೆ ಹೋದರೆ ಕೂಡಲೇ 12:12ಕ್ಕೆ ಮರಳಬೇಕು. ಅದು ದೇಹಕ್ಕೆ ಊಟ ಸಾಲುತ್ತಿಲ್ಲ ಎಂಬುದರ ಸುಳಿವು.

ತಾಟಿನಲ್ಲಿ ಏನಿರಬೇಕು

ಹೊತ್ತು ಕಡಿಮೆಯಾದಾಗ ಮೊದಲು ಕೊರತೆ ಬೀಳುವುದು ಪ್ರೋಟೀನು. ಅದು ಸಾಲದಿದ್ದರೆ ಇಳಿಯುವ ತೂಕದಲ್ಲಿ ಸ್ನಾಯುವೂ ಸೇರುತ್ತದೆ, ಎರಡು–ಮೂರು ತಿಂಗಳಿಗೆ ಕೂದಲು ಉದುರತೊಡಗುತ್ತದೆ. ತೂಕದ ಪ್ರತಿ ಕಿಲೊಗೆ ದಿನಕ್ಕೆ ಸುಮಾರು 1 ಗ್ರಾಂ ಗುರಿಯಿಡಿ. ಕಿಡ್ನಿ ಕಾಯಿಲೆ ಇದ್ದವರು ಡಾಕ್ಟರು ಹೇಳಿದ ಮಿತಿ ದಾಟಬಾರದು. ತೊಗರಿಯ ಕಣಜದಲ್ಲಿ ಕೂತವರಿಗೆ ಇದು ದುಬಾರಿಯಲ್ಲ. ಆದರೆ ಬ್ಯಾಳಿ ತೆಳ್ಳಗೆ ನೀರಾಗಿ ಬಂದರೆ ಲೆಕ್ಕ ಕೂಡುವುದಿಲ್ಲ, ಚಮಚ ನಿಲ್ಲುವಷ್ಟು ಗಟ್ಟಿ ಇರಬೇಕು.

65 ಕಿಲೊ ತೂಕದ, ಕೂತು ಕೆಲಸ ಮಾಡುವ ಗಂಡಸಿಗೆ ಒಂದು ದಿನದ ಲೆಕ್ಕ ಹೀಗೆ.

11 ಗಂಟೆಗೆ: ಮೊದಲು ಒಂದು ಲೋಟ ಮಜ್ಜಿಗೆ. ಆಮೇಲೆ ಸೌತಿಕಾಯಿ, ಗಜ್ಜರಿ, ಹಕ್ಕರಕಿ ಸೊಪ್ಪು ಅಥವಾ ಮೆಂತ್ಯೆಯ ಪಚಡಿ ಒಂದು ಬಟ್ಟಲು. ಅದು ಮುಗಿದ ಮೇಲೆ ಎರಡು ಜೋಳದ ರೊಟ್ಟಿ (ಒಂದಕ್ಕೆ 60 ಗ್ರಾಂ ಹಿಟ್ಟು), 40 ಗ್ರಾಂ ಒಣ ಬೇಳೆಯಿಂದ ಮಾಡಿದ ಖಾರಬ್ಯಾಳಿ ಅಥವಾ ಪುಂಡಿಪಲ್ಯ, 150 ಗ್ರಾಂ ಮೊಸರು, ಎರಡು ಚಮಚ ಅಗಸಿ ಅಥವಾ ಶೇಂಗಾ ಹಿಂಡಿ. ಪ್ರೋಟೀನು ಸುಮಾರು 28 ಗ್ರಾಂ. ಪುಂಡಿಪಲ್ಯಕ್ಕೆ ಬೇಳೆ ಹಾಕುವ ಪದ್ಧತಿ ಬಿಡಬೇಡಿ. ಬರೀ ಸೊಪ್ಪಾದರೆ ಈ ಲೆಕ್ಕದಿಂದ 9 ಗ್ರಾಂ ಕಳೆಯುತ್ತದೆ.

3.30ಕ್ಕೆ: ಒಂದು ಹಿಡಿ, ಅಂದರೆ 30 ಗ್ರಾಂ ಹುರಿದ ಶೇಂಗಾ, ಒಂದು ಕಪ್ ಚಾ. ಪ್ರೋಟೀನು 7–8 ಗ್ರಾಂ.

6.45ಕ್ಕೆ: ಎರಡು ರೊಟ್ಟಿ, 40 ಗ್ರಾಂ ಕಡಲೆ ಹಿಟ್ಟಿನ ಝುಣಕಾ ಅಥವಾ ಎರಡು ಮೊಟ್ಟೆ, ಮೊಳಕೆ ಹೆಸರಿನ ಉಸಳಿ ಅರ್ಧ ಬಟ್ಟಲು, ಮಜ್ಜಿಗೆ. ಪ್ರೋಟೀನು 25 ಗ್ರಾಂ ಆಸುಪಾಸು.

ಒಟ್ಟು 60 ಗ್ರಾಂ ದಾಟುತ್ತದೆ. ದಿನದ ಅಡುಗೆ ಎಣ್ಣೆ ನಾಲ್ಕರಿಂದ ಐದು ಚಹಾ ಚಮಚದೊಳಗಿದ್ದರೆ ಕ್ಯಾಲೊರಿ 1,800ರ ಸುತ್ತ ನಿಲ್ಲುತ್ತದೆ. ಹೆಂಗಸರು ರಾತ್ರಿಯ ಒಂದು ರೊಟ್ಟಿ ಬಿಟ್ಟರೆ ಸಾಕು, ಬ್ಯಾಳಿ ಮೊಸರು ಕಡಿಮೆ ಮಾಡುವುದು ಬೇಡ.

ಸುಸಲಾ-ಮಿರ್ಚಿಯಿಂದ ಉಪವಾಸ ಬಿಡುವುದನ್ನು ಮಾತ್ರ ಕೈಬಿಡಬೇಕು. ಹದಿನಾಲ್ಕು ತಾಸು ಖಾಲಿ ಇದ್ದ ಹೊಟ್ಟೆಗೆ ಮೊದಲು ಬೀಳುವುದು ಕಾದ ಎಣ್ಣೆಯ ಭಜಿ ಎಂದರೆ ಎದೆಯುರಿ ಖಚಿತ. ಚುರುಮುರಿ ಬೇಗ ಸಕ್ಕರೆಯಾಗಿ, ಎರಡು ತಾಸಿಗೆ ಮತ್ತೆ ಹಸಿವು. ಮಿರ್ಚಿ ಬಿಡಲಾಗದವರು ಊಟದ ನಡುವೆ ಒಂದು ತಿನ್ನಲಿ.

ಉಪವಾಸದ ಹೊತ್ತಿನಲ್ಲಿ ಏನು ನಡೆಯುತ್ತದೆ, ಏನು ಇಲ್ಲ

ನೀರು, ಜೀರಿಗೆ ಕುದಿಸಿದ ನೀರು, ಕರೇ ಚಾ, ನಾಲ್ಕು ಹನಿ ಲಿಂಬೆ ಹಿಂಡಿದ ನೀರು ನಡೆಯುತ್ತದೆ. ಎಳನೀರು, ಶರಬತ್ತು, ಜೇನು-ಬಿಸಿನೀರು, ಹಾಲು, ಗುಲ್ಕಂದ್ ಹಾಕಿದ ಪಾನು ನಡೆಯುವುದಿಲ್ಲ. ತೆಳು ಮಜ್ಜಿಗೆ ನಿಯಮದ ಪ್ರಕಾರ ಉಪವಾಸ ಮುರಿಯುತ್ತದೆ. ಆದರೂ ತಲೆ ಸುತ್ತುವವರು ನಿಯಮಕ್ಕೆ ಜೋತುಬಿದ್ದು ಒದ್ದಾಡುವುದಕ್ಕಿಂತ ಒಂದು ಲೋಟ ಕುಡಿಯುವುದು ವಾಸಿ. ಗುಟ್ಕಾ, ತಂಬಾಕಿನ ಬಗ್ಗೆ ನೇರವಾಗಿ ಹೇಳಬೇಕು: ನಿಕೋಟಿನ್ ಹಸಿವನ್ನು ತುಳಿಯುತ್ತದೆ, ಅದರಿಂದಲೇ ಕೆಲವರಿಗೆ ಉಪವಾಸ ಸಲೀಸು ಎನಿಸುತ್ತದೆ. ಗುಟ್ಕಾದಿಂದ ಎಳೆದ ಹದಿನಾರು ತಾಸು ಆರೋಗ್ಯದ ಲೆಕ್ಕಕ್ಕೆ ಬರುವುದಿಲ್ಲ.

ಏಪ್ರಿಲ್, ಮೇ

40 ಡಿಗ್ರಿ ದಾಟುವ ಎರಡು ತಿಂಗಳಲ್ಲಿ ಹೊಸದಾಗಿ ಶುರು ಮಾಡಬೇಡಿ. ಜೂನ್ ಮಳೆ ಬಿದ್ದ ಮೇಲೆ ಅಥವಾ ನವೆಂಬರಿನ ಚಳಿಗೆ ಶುರು ಮಾಡುವುದು ಸುಲಭ. ಈಗಾಗಲೇ ರೂಢಿಯಾದವರು ಬೇಸಿಗೆಗೆ 14:10ಕ್ಕೆ ಇಳಿಯಲಿ. ಈ ತಿಂಗಳುಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುವುದು ಇದಕ್ಕೆ ಅನುಕೂಲವೇ. 7.30ಕ್ಕೆ ರೊಟ್ಟಿ ಉಂಡು ಹೊರಟು, 2ಕ್ಕೆ ಮನೆಯಲ್ಲಿ ಊಟ, 5.30ಕ್ಕೆ ಜೋಳದ ನುಚ್ಚು-ಮಜ್ಜಿಗೆಯಂಥ ಹಗುರ ಊಟ ಮಾಡಿದರೆ ಹತ್ತು ತಾಸಿನೊಳಗೆ ಎಲ್ಲ ಮುಗಿಯುತ್ತದೆ.

ನೀರು ದಿನಕ್ಕೆ 3ರಿಂದ 4 ಲೀಟರ್, ಬಾಯಾರಿಕೆಗೆ ಕಾಯದೆ ತಾಸಿಗೊಂದು ಲೋಟದಂತೆ. ಹೃದಯ, ಕಿಡ್ನಿ ತೊಂದರೆ ಇರುವವರಿಗೆ ಈ ಅಳತೆ ಅಲ್ಲ, ಅವರ ಡಾಕ್ಟರದ್ದೇ ಅಳತೆ. ಮೂತ್ರ ತಿಳಿ ಹಳದಿ ಇದ್ದರೆ ಸರಿ, ಗಾಢವಾದರೆ ನೀರು ಸಾಲುತ್ತಿಲ್ಲ. ಕಿಡ್ನಿ ಕಲ್ಲಿನ ತೊಂದರೆ ಹಿಂದೆ ಬಂದವರು ಇದನ್ನು ದಿನಾ ನೋಡಬೇಕು. ಬಿಸಿಲಲ್ಲಿ ತಿರುಗಿ ಬಂದು ಕಾಲು ಸೆಡೆತ, ವಾಕರಿಕೆ ಬಂದರೆ ಒಆರ್‌ಎಸ್ ಪುಡಿಯ ದೊಡ್ಡ ಪ್ಯಾಕೆಟ್ ಒಂದನ್ನು ಒಂದು ಲೀಟರ್ ನೀರಿಗೆ ಪೂರ್ತಿ ಕಲಸಿ ಕುಡಿಯಿರಿ. ಅದರಲ್ಲಿ ಗ್ಲೂಕೋಸ್ ಇದೆ, ಉಪವಾಸ ಮುರಿಯುತ್ತದೆ. ಮುರಿಯಲಿ.

ರೋಜಾ, ಏಕಾದಶಿ, ಜಾತ್ರೆ

ರೋಜಾ ನೀರೂ ಇಲ್ಲದ ವ್ರತ. ಅದರ ಮೇಲೆ ಈ ಗಡುವನ್ನು ಹೇರಬೇಡಿ, ರಂಜಾನ್ ತಿಂಗಳು ಇದಕ್ಕೆ ರಜೆ. ಇಫ್ತಾರ್‌ನಲ್ಲಿ ಖರ್ಜೂರ, ನೀರು, ಹಣ್ಣು ಮೊದಲು, ಕರಿದದ್ದು ನಮಾಜಿನ ನಂತರ ಊಟದ ಜೊತೆ ಎಂಬ ಕ್ರಮ ಇಟ್ಟರೆ ಸಾಕು. ಏಕಾದಶಿ, ಶಿವರಾತ್ರಿ, ಶ್ರಾವಣ ಸೋಮವಾರದ ಹೆಸರಿನಲ್ಲಿ ಸಾಬೂದಾಣಿ ಖಿಚಡಿ, ಬಾಳೆಕಾಯಿ ಚಿಪ್ಸ್, ಪೇಡೆ ದಿನವಿಡೀ ತಿನ್ನುವುದು ಭಕ್ತಿಗೆ ಸಾಕಾದೀತು, ಸಕ್ಕರೆಯ ಮಟ್ಟಕ್ಕೆ ಅದು ಹಬ್ಬವೇ. ಸಾಬೂದಾಣಿ ಬಹುತೇಕ ಬರೀ ಪಿಷ್ಟ.

ಶರಣಬಸವೇಶ್ವರ ಜಾತ್ರೆ, ಬಂದೇನವಾಜ್ ಉರುಸು, ಮದುವೆ ಮನೆಯ ತಹರಿ, ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ ಉಣ್ಣುವ ಭಜ್ಜಿ-ಕಡಬು ಬಿಟ್ಟು ಕೂರುವುದು ಬೇಡ. ಆ ದಿನ ಲೆಕ್ಕ ಮರೆತು ಉಂಡು, ಮರುದಿನ ಎಂದಿನ ಹೊತ್ತಿಗೆ ಮರಳಿದರೆ ಸಾಕು. ನಿನ್ನೆಯ ಹೋಳಿಗೆಗೆ ದಂಡವಾಗಿ 24 ತಾಸು ಉಪವಾಸ ಕೂತವರು ಮೂರನೇ ದಿನ ರಾತ್ರಿ ಡಬ್ಬಿ ತಡಕುತ್ತಾರೆ.

ಕೆಡುವುದು ಎಲ್ಲಿ

ಬೆಳಿಗ್ಗೆ 10ರ ಸುಮಾರಿಗೆ ಎದ್ದೇಳುವ ಹಸಿವು ಅಲೆಯಂತೆ ಬಂದು ಇಪ್ಪತ್ತು ನಿಮಿಷದಲ್ಲಿ ಇಳಿಯುತ್ತದೆ. ಒಂದು ಲೋಟ ನೀರು ಕುಡಿದು ಕೆಲಸದಲ್ಲಿ ತೊಡಗಿ. ಎರಡು ವಾರದಲ್ಲಿ ಸಾಮಾನ್ಯವಾಗಿ ತಣ್ಣಗಾಗುತ್ತದೆ.

ಮಲಬದ್ಧತೆಗೆ ಕಾರಣ ಒಂದು ಊಟ ಕಡಿಮೆಯಾದಾಗ ಅದರ ಜೊತೆಗಿದ್ದ ನೀರು, ನಾರು ಎರಡೂ ಹೋಗುವುದು. ಪಚಡಿ ಮತ್ತು ಅಗಸಿ ಹಿಂಡಿ ಮರಳಿ ತನ್ನಿ. ರಾತ್ರಿ ನಿದ್ದೆ ಬಾರದಿದ್ದರೆ ಸಂಜೆ ಊಟ ತೀರಾ ಕಡಿಮೆಯಾಗಿದೆ, ಅಥವಾ ನಾಲ್ಕರ ನಂತರವೂ ಚಾ ನಡೆದಿದೆ.

ಮೊದಲ ವಾರ ಒಂದೂವರೆ ಕಿಲೊ ಇಳಿದಾಗ ಹಿಗ್ಗಬೇಡಿ, ಅದು ಹೆಚ್ಚಾಗಿ ನೀರು. ಗ್ಲೈಕೊಜೆನ್‌ನ ಪ್ರತಿ ಗ್ರಾಂ ತನ್ನೊಡನೆ ಸುಮಾರು 3 ಗ್ರಾಂ ನೀರು ಹಿಡಿದಿರುತ್ತದೆ, ಅದು ಖಾಲಿಯಾದಾಗ ಇದೂ ಹೊರಡುತ್ತದೆ. ಆಮೇಲೆ ವಾರಕ್ಕೆ ಕಾಲು ಕಿಲೊದಿಂದ ಅರ್ಧ ಕಿಲೊ ಸರಿಯಾದ ವೇಗ. ಆರು ವಾರ ಕಳೆದರೂ ಸೊಂಟದ ಟೇಪು ಕದಲದಿದ್ದರೆ ಗಡುವನ್ನು ಇನ್ನೂ ಬಿಗಿ ಮಾಡಬೇಡಿ, ಎಣ್ಣೆ ಅಳೆಯಿರಿ. ಎಣ್ಣೆಗಾಯಿ ಬದನೆಕಾಯಿಯ ತಟ್ಟೆಯಲ್ಲಿ ತೇಲುವ ಎಣ್ಣೆ, ರೊಟ್ಟಿಯ ಜೊತೆ ಹಿಂಡಿಗೆ ಸುರಿದ ಹಸಿ ಎಣ್ಣೆಯಲ್ಲೇ 300 ಕ್ಯಾಲೊರಿ ಅಡಗಿ ಕೂತಿರುತ್ತದೆ.

ಬೆಳಿಗ್ಗೆ ಖಾಲಿ ಹೊಟ್ಟೆಗೆ ಅರ್ಧ ತಾಸು ನಡೆಯಬಹುದು, ಬೇಸಿಗೆಯಲ್ಲಿ 7ರೊಳಗೆ. ಭಾರ ಎತ್ತುವ ವ್ಯಾಯಾಮ ಊಟದ ಗಡುವಿನೊಳಗೆ ಬೀಳಲಿ. ವಾರಕ್ಕೆ ಎರಡು ದಿನ ಬೈಠಕ್, ದಂಡ ಹೊಡೆದರೂ ಸ್ನಾಯು ಉಳಿಯುತ್ತದೆ.

ಕೈ ನಡುಕ, ತಣ್ಣನೆ ಬೆವರು, ಮಾತು ತೊದಲುವುದು ಕಂಡರೆ ಸಕ್ಕರೆ ಅಳೆಯಿರಿ. 70ಕ್ಕಿಂತ ಕೆಳಗಿದ್ದರೆ, ಅಥವಾ ಅಳೆಯುವ ಯಂತ್ರ ಹತ್ತಿರ ಇಲ್ಲದಿದ್ದರೆ, ಮೂರು ಚಹಾ ಚಮಚ ಸಕ್ಕರೆಯನ್ನು ಅರ್ಧ ಲೋಟ ನೀರಿಗೆ ಕಲಸಿ ಕೂಡಲೇ ಕುಡಿಯಬೇಕು. 15 ನಿಮಿಷಕ್ಕೆ ಮತ್ತೆ ಅಳೆದು, ಏರದಿದ್ದರೆ ಇನ್ನೊಮ್ಮೆ. ಏರಿದ ಮೇಲೆ ಊಟ ಮಾಡಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಹಾಕದೆ 108ಕ್ಕೆ ಫೋನ್ ಮಾಡಿ. ಎದೆ ಬಡಿತ ಜೋರು, ಮೇಲಿಂದ ಮೇಲೆ ವಾಂತಿ, ಎದ್ದಾಗಲೆಲ್ಲ ಕಣ್ಣು ಕತ್ತಲೆ ಬರುತ್ತಿದ್ದರೆ ಉಪವಾಸ ಅಂದೇ ನಿಲ್ಲಿಸಿ ಡಾಕ್ಟರನ್ನು ಕಾಣಬೇಕು.

ಮೂರು ತಿಂಗಳಿಗೆ ಅದೇ ನಾಲ್ಕು ಅಳತೆ ಮತ್ತೆ ತೆಗೆಸಿ. ಸಕ್ಕರೆ ಕಾಯಿಲೆ ಇರುವವರು ಜೊತೆಗೆ ಎಚ್‌ಬಿಎ1ಸಿ ಮಾಡಿಸಬೇಕು, ಮೂರು ತಿಂಗಳ ಸರಾಸರಿ ತೋರಿಸುವ ಪರೀಕ್ಷೆ ಅದು. ಸುತ್ತಳತೆ ಇಳಿದು, ಮಧ್ಯಾಹ್ನದ ತೂಕಡಿಕೆ ಕಡಿಮೆಯಾಗಿ, ಬೆಳಿಗ್ಗೆ ನಿಜವಾದ ಹಸಿವಿನಿಂದ ಏಳುತ್ತಿದ್ದರೆ ಅದೇ ಗಡುವು ಮುಂದುವರಿಸಿ. ಯಾವುದೂ ಬದಲಾಗದೆ ಮೈ ಬರೀ ಸೊರಗಿದ್ದರೆ ಮೂರು ಹೊತ್ತಿನ ಊಟಕ್ಕೆ ಮರಳಿ, ರಾತ್ರಿಯ ತಾಟು ಮಾತ್ರ ಎಂಟರೊಳಗೆ ಇರಲಿ.